ಸಿಂಬೆ

ಪಟಗಳ ಕೋಣೆ ಇಂದು ಖಾಲಿಯಾಗಬೇಕು.
ನಾಳೆ ಅಲ್ಲಿ ಬಿಳಿ ಪರದೆ, ಪ್ರೊಜೆಕ್ಟರು, ಬೀಗ.
ಹೆಡ್‌ಮಾಸ್ಟರರ ಚೀಟಿಯಲ್ಲಿ ಒಂದೇ ಸಾಲು:
ನಲುವತ್ತೊಂದು ಸುರುಳಿ, ಗುಜರಿಗೆ.

ಎಣಿಸಿದೆ. ನಲುವತ್ತು ಸಿಕ್ಕಿತು.
ಒಂದು ಎಲ್ಲಿದೆಯೆಂದು ನನಗೆ ಗೊತ್ತು, ಹೇಳಲಿಲ್ಲ.

ಗೆದ್ದಲು ಆಫ್ರಿಕಾದ ವಾಯವ್ಯ ಮೂಲೆ ತಿಂದಿತ್ತು,
ಅಟ್ಲಾಸ್ ಬೆಟ್ಟಗಳಿದ್ದ ಕಡೆ.
ಮದರಾಸು ಪ್ರಾಂತ್ಯದ ಬಟ್ಟೆಪಟದಲ್ಲಿ ನಮ್ಮ ಕುಂಬಳೆ
ದಕ್ಷಿಣ ಕೆನರಾದ ಹಸಿರೊಳಗೆ ಸಾಸಿವೆಯಷ್ಟು.
ಆಮೇಲಿನ ಕನ್ನಡ ಪಟದಲ್ಲಿ ತಲಪಾಡಿಗೇ ಬಣ್ಣ ಮುಗಿದು
ನಾವಿರಬೇಕಾದಲ್ಲಿ ಒಂದು ಚೌಕ:
ರೈಲು ಹೀಗೆ, ಹೊಳೆ ಹೀಗೆ, ಇಂಚಿಗೆ ಇಷ್ಟು ಮೈಲಿ.
ಇಪ್ಪತ್ತಾರು ವರ್ಷ ನನ್ನ ಮಕ್ಕಳು
ಆ ಸೂಚಿಯ ಪೆಟ್ಟಿಗೆಯಡಿ ಕೂತು ಭೂಗೋಳ ಕಲಿತರು.
ಎಬ್ಬಿಸಿದರೆ ಊರು ಸಿಗುತ್ತದೋ ಎಂದು
ಯಾರೋ ಬ್ಲೇಡಿನಲ್ಲಿ ಅಂಚು ಕೆರೆದದ್ದು ಇನ್ನೂ ಇದೆ.

ಕೇರಳದ ಪಟದ ಮಾತೇ ಬೇರೆ.
ಅಲ್ಲಿ ನಾವು ಎಲ್ಲರಿಗಿಂತ ಮೇಲೆ,
ಮರದ ಕೋಲಿಗೆ ತಾಗಿ, ಮೊಳೆಯ ಪಕ್ಕ.
ಪಾರಶಾಲೆಯವರೆಗಿನ ಆ ಉದ್ದದ ನಾಡೆಲ್ಲ
ನಮ್ಮ ಹೆಗಲಿನಿಂದ ಜೋತುಬಿದ್ದಿದೆ.
ಹರಿಯುವುದೂ ಮೊದಲು ನಮ್ಮಲ್ಲೇ.
ಪ್ರತಿ ಜೂನಿಗೆ ಮೈದಾ ಅಂಟು ಕಾಯಿಸಿ
ಕಾಸರಗೋಡಿಗೆ ತೇಪೆ ಹಾಕಿದವಳು ನಾನು.
ಹೊಸಂಗಡಿ ಎಂಬ ಹೆಸರು ಅಂಟಿನಡಿ ಹೋಗಿ
ಯಾವ ಕಾಲವಾಯಿತೋ.

ಭೂಪಟದ ಪುಸ್ತಕ ತೆರೆದರೆ ಮೊದಲು ಒಬ್ಬ ದೈತ್ಯ,
ಬಾಗಿದ ಬೆನ್ನು, ಸೊಂಟಕ್ಕೆ ತುಂಡುಬಟ್ಟೆ, ಹೆಗಲಲ್ಲಿ ಗೋಳ.
"ಅಟ್ಲಾಸು ಅಂದರೆ ಇವನ ಹೆಸರು" ಅಂದಿದ್ದೆ ಒಮ್ಮೆ.
"ಭೂಮಿ ಹೊತ್ತವನು ನಿಂತದ್ದು ಎಲ್ಲಿ ಟೀಚರ್?"
ಹಿಂದಿನ ಬೆಂಚಿನ ಝೊಹರಾ.
"ಆದಿಶೇಷನ ಮೇಲೆ" ಅಂದ ಬಟ್ಯಪ್ಪ. ಗುಲ್ಲು.

ಅವನು ಹೊತ್ತದ್ದು ಆಕಾಶವನ್ನು ಮಕ್ಕಳೇ,
ಗೋಳ ಕಂಡವರು ಭೂಮಿ ಅಂದುಕೊಂಡರು.
ಯುದ್ಧದಲ್ಲಿ ಸೋತ ಪಕ್ಷದವನು. ಗೆದ್ದ ದೇವರು
ಪಡುವಣದ ಅಂಚಿಗೆ ಅಟ್ಟಿ, ಹೊರು ಅಂದ.
(ಅಂಚಿನವರಿಗೆ ಹೊರಿಸುವುದು ಗ್ರೀಕರಲ್ಲೂ ಇತ್ತು.)
ಹೆರಾಕ್ಲಿಸ್ ಬಂದ, ಚಿನ್ನದ ಹಣ್ಣು ಬೇಕು ಅಂತ.
"ಇದನ್ನು ಹಿಡಿ, ನಾನು ತರುತ್ತೇನೆ." ತಂದ.
ತಂದವನಿಗೆ ನೆಟ್ಟಗೆ ನಿಲ್ಲುವ ರುಚಿ ಹತ್ತಿತ್ತು.
"ನೀನೇ ಹೊತ್ತಿರು, ಹಣ್ಣು ನಾನೇ ತಲುಪಿಸುತ್ತೇನೆ."
"ಆಗಲಿ ಮಾರಾಯ, ಹೆಗಲು ಉರಿಯುತ್ತದೆ,
ಒಂದು ಸಿಂಬೆ ಇಟ್ಟುಕೊಳ್ಳುತ್ತೇನೆ, ಅಷ್ಟು ಹೊತ್ತು ಹಿಡಿ."
ಹಿಡಿದ. ಅಷ್ಟೆ.

ಎಲ್ಲರೂ ನಕ್ಕರು. ಝೊಹರಾ ನಗಲಿಲ್ಲ.
"ಸಿಂಬೆ ಇಡುವುದು ಹೊರೆಗಿಂತ ಮೊದಲು ಟೀಚರ್.
ಹೊತ್ತ ಮೇಲೆ ಸಿಂಬೆ ಕೇಳಿದವನು ಕಳ್ಳ ಅಂತ
ನಮ್ಮಪ್ಪನಿಗಾದರೆ ಗೊತ್ತಾಗುತ್ತಿತ್ತು."
ಆ ವರ್ಷ ಭೂಗೋಳದಲ್ಲಿ ಅವಳಿಗೆ ಮೂವತ್ತೆಂಟು.

ಇಂದು ಬಂದವನು ಅವಳಪ್ಪ ಅದ್ರಾಮ.
ನೀಲಿ ಅಂಗಿ, ಪೂರ್ತಿ ಬೆಳ್ಳಗಾದ ಗಡ್ಡ.
ನಲುವತ್ತು ಸುರುಳಿಗೆ ತೆಂಗಿನ ಹಗ್ಗ ಬಿಗಿದ,
ಬೈರಾಸು ಸುತ್ತಿ ತಲೆಗಿಟ್ಟು ಅದುಮಿ ನೋಡಿದ,
ಆಮೇಲೆ, ಆಮೇಲೆ ಮಾತ್ರ,
"ಒಂದು ಕೈ ಕೊಡಿ" ಅಂದ.
ನಾನು ಏಷ್ಯಾದ ಕಡೆ ಹಿಡಿದೆ.

ರೈಲ್ವೆ ಹಳಿಯಾಚೆ ಹಳೆ ದಾರಿಯಲ್ಲಿ
ಹೊರೆ ಇಳಿಸುವ ಕಲ್ಲಿದೆ: ನಿಂತವು ಎರಡು, ಮಲಗಿದ್ದು ಒಂದು.
ಮಲಯಾಳದವರು ಅತ್ತಾಣಿ ಅನ್ನುತ್ತಾರೆ.
ಬೀಡಿಗೆಂದು ಅದ್ರಾಮ ಅಲ್ಲಿ ಇಳಿಸಿದ.
ಅಟ್ಲಾಸ್ ಕೊನೆಗೆ ಕಲ್ಲಾದನಂತೆ, ಅಂದೆ,
ಹಾವುಗೂದಲಿನ ತಲೆಯೊಂದನ್ನು ನೋಡಿ.
ಅವನು ಕಲ್ಲು ತಟ್ಟಿದ, ಹೊಗೆ ಬಿಟ್ಟ.
"ಹಾಗಾದರೆ ಇದಕ್ಕೆ ಕೂಲಿ ಯಾರು ಕೊಡುವುದು?"

ಹೊರೆ ಹೋದ ಮೇಲೆ ಆ ಕಲ್ಲಿನ ಮೇಲೆ
ಆರಿಕ್ಕಾಡಿಯಿಂದ ಕಡಲಿನವರೆಗೆ ಕಟ್ಟಿದ ಮೋಡ.

ರಾತ್ರಿ ಮನೆಯಲ್ಲಿ ನಲುವತ್ತೊಂದನೆಯದನ್ನು ಬಿಚ್ಚಿದೆ.
ತೇಪೆಯ ಮೇಲೆ ತೇಪೆ, ಅಂಟಿನ ಹಳದಿ.
ಮೊಳೆಗೆ ತಲೆಕೆಳಗಾಗಿ ತೂಗುಹಾಕಿದೆ.
ತಿರುವನಂತಪುರವೇ, ಸ್ವಲ್ಪ ಹಿಡಿದಿರು ಮಾರಾಯ,
ಸಿಂಬೆ ಸರಿಮಾಡಿಕೊಳ್ಳುತ್ತೇವೆ.